ತೀವ್ರ ಬೈಪೋಲಾರ್ ಕಾಯಿಲೆ, ಮೆದುಳಿನ ರಚನೆ ಮತ್ತು ತಾಲ್ಲೂಕು ಆಸ್ಪತ್ರೆಯ ಮಾತ್ರೆ: ಎರಡು ಜಿಲ್ಲಾಡಳಿತಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು.

ವಿಷಯ: ತೀವ್ರ ಬೈಪೋಲಾರ್ ಕಾಯಿಲೆ ಇರುವವರಿಗೆ ಲಿಥಿಯಂ ಮಾತ್ರೆ ಮತ್ತು ಅದರ ರಕ್ತಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ತಪ್ಪದೆ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೆ,

1997ರವರೆಗೆ ಒಂದೇ ಜಿಲ್ಲೆಯಾಗಿದ್ದ ದಾವಣಗೆರೆ ಮತ್ತು ಚಿತ್ರದುರ್ಗಗಳ ಆಡಳಿತ ಈಗ ಬೇರೆಬೇರೆಯಾದರೂ, ಬೈಪೋಲಾರ್ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರ ಕಷ್ಟ ಜಗಳೂರಿನಲ್ಲೂ ಚಳ್ಳಕೆರೆಯಲ್ಲೂ ಒಂದೇ ಆಗಿರುವುದರಿಂದ ಈ ಪತ್ರವನ್ನು ತಮ್ಮೆಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ಒಡಹುಟ್ಟಿದ ತಮ್ಮನಿಗೆ ತೀವ್ರ ಬೈಪೋಲಾರ್ ಕಾಯಿಲೆ ಇದೆ. ಅವನ ಒಪ್ಪಿಗೆ ಪಡೆದೇ ಅವನ ವಿಚಾರವನ್ನು ಇಲ್ಲಿ ಬರೆದಿದ್ದೇನೆ. ಹೆಸರನ್ನೂ ಊರನ್ನೂ ಬರೆಯದಿರುವುದು ಅವನ ಮಕ್ಕಳ ಸಲುವಾಗಿ.

ಈ ಕಾಯಿಲೆಯಲ್ಲಿ ಮನಸ್ಸು ಒಂದು ಕಡೆ ಉನ್ಮಾದಕ್ಕೆ, ಅಂದರೆ ವೈದ್ಯರು ಮೇನಿಯಾ ಎನ್ನುವ ಸ್ಥಿತಿಗೆ ಏರುತ್ತದೆ, ಇನ್ನೊಂದು ಕಡೆ ಆಳವಾದ ಖಿನ್ನತೆಗೆ ಇಳಿಯುತ್ತದೆ. ನಡುವೆ ಎಷ್ಟೋ ತಿಂಗಳು ಎಲ್ಲರಂತೆ ಸರಿಯಾಗಿಯೇ ಇರುತ್ತದೆ. ನನ್ನ ತಮ್ಮನಿಗೆ ಉನ್ಮಾದ ಏರುವಾಗ ಮೊದಲು ಕೈಬಿಡುವುದು ನಿದ್ದೆ. ನಡುರಾತ್ರಿ ಎದ್ದು ದನದ ಕೊಟ್ಟಿಗೆ ತೊಳೆಯುತ್ತಾನೆ, ಬೆಳಕು ಹರಿಯುವ ಮುನ್ನ ಪರಿಚಯದವರಿಗೆಲ್ಲ ಫೋನು ಹಚ್ಚುತ್ತಾನೆ, ಮಾತು ಎಷ್ಟು ವೇಗವಾಗುತ್ತದೆಂದರೆ ಒಂದು ವಾಕ್ಯ ಮುಗಿಯುವುದರೊಳಗೆ ಇನ್ನೊಂದು ಅದರ ಮೇಲೆ ಬಂದು ಬೀಳುತ್ತದೆ. ಒಂದು ವರ್ಷ ಮೆಕ್ಕೆಜೋಳ ಮಾರಿ ಬಂದ ದುಡ್ಡನ್ನೆಲ್ಲ ಹಳೆಯ ಟ್ರ್ಯಾಕ್ಟರ್ ಒಂದಕ್ಕೂ ಬೋರ್‌ವೆಲ್ ಲಾರಿಯವರಿಗೂ ಒಂದೇ ದಿನದಲ್ಲಿ ಮುಂಗಡ ಕೊಟ್ಟು ಬಂದ. ಆ ದುಡ್ಡು ವಾಪಸು ಬರಲಿಲ್ಲ. ಅದೇ ಮನುಷ್ಯ ಖಿನ್ನತೆಗೆ ಬಿದ್ದಾಗ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ, ನೀರು ಕುಡಿಯಲು ಏಳಬೇಕೆಂದರೂ ಅವನ ಹೆಂಡತಿ ಕೈಹಿಡಿದು ಎಬ್ಬಿಸಬೇಕು. ಉನ್ಮಾದ ತೀರ ಏರಿದಾಗ ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆಂಬ ಭ್ರಮೆಯೂ ಸೇರಿಕೊಳ್ಳುತ್ತದೆ. ಅವನ ಕಾಯಿಲೆಯನ್ನು ತೀವ್ರ ಎಂದು ಬರೆದಿರುವುದು ಇದಕ್ಕೇ.

ಇಂಥ ಮನೆಗಳು ಎಷ್ಟಿರಬಹುದು? ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬದುಕಿನಲ್ಲಿ ಯಾವಾಗಲಾದರೂ ಈ ಕಾಯಿಲೆಗೆ ಒಳಗಾದ ವಯಸ್ಕರ ಪ್ರಮಾಣ ಶೇ 0.5 ಎಂದು ಕಂಡುಬಂದಿತು. ಕಾಯಿಲೆ ಇದ್ದೂ ಚಿಕಿತ್ಸೆಯಿಂದ ಹೊರಗೆ ಉಳಿದವರ ಪ್ರಮಾಣ ಶೇ 70ರಷ್ಟಿತ್ತು. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೂ ಇನ್ನೂರು ವಯಸ್ಕರಲ್ಲಿ ಒಬ್ಬರು ಎಂಬ ಲೆಕ್ಕವನ್ನು 2011ರ ಜನಗಣತಿಯಲ್ಲಿ 16.5 ಲಕ್ಷ ದಾಟಿದ್ದ ಚಿತ್ರದುರ್ಗ ಜಿಲ್ಲೆಯೊಂದಕ್ಕೇ ಹಚ್ಚಿ ನೋಡಿದರೂ, ಇದು ಎಲ್ಲೋ ಒಂದೆರಡು ಮನೆಯ ಮಾತಲ್ಲ, ಸಾವಿರಾರು ಮನೆಗಳ ಮಾತು ಎಂಬುದು ತಮಗೆ ತಿಳಿಯುತ್ತದೆ.

ಈಗ ಮೆದುಳಿನ ವಿಚಾರಕ್ಕೆ ಬರುತ್ತೇನೆ. ಇದನ್ನು ತುಸು ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ನನ್ನ ಮನವಿ ನಿಂತಿರುವುದು ಇದರ ಮೇಲೆಯೇ. ನಮ್ಮ ಮೆದುಳಿನ ಹೊರಭಾಗವನ್ನು ಕಾರ್ಟೆಕ್ಸ್ ಎಂಬ ಬೂದು ಪದರ ಆವರಿಸಿದೆ. ಅದರ ದಪ್ಪ 2ರಿಂದ 4 ಮಿಲಿಮೀಟರ್ ಅಷ್ಟೆ. ಬೇರೆಬೇರೆ ದೇಶಗಳ ಸಂಶೋಧಕರು ತಮ್ಮಲ್ಲಿರುವ ಎಂಆರ್‌ಐ ಚಿತ್ರಗಳನ್ನು ಒಂದೇ ವಿಧಾನದಿಂದ ಅಳೆದು, ಫಲಿತಾಂಶಗಳನ್ನು ಒಟ್ಟುಗೂಡಿಸುವುದಕ್ಕಾಗಿ ಎನಿಗ್ಮಾ ಎಂಬ ಒಕ್ಕೂಟ ಕಟ್ಟಿಕೊಂಡಿದ್ದಾರೆ. ಅದರ ಬೈಪೋಲಾರ್ ತಂಡವು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಯಿಲೆ ಇರುವ 1,710 ಜನರನ್ನು ಕಾಯಿಲೆ ಇಲ್ಲದ 2,594 ಜನರೊಡನೆ ಹೋಲಿಸಲಾಗಿತ್ತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗವೂ, ಮೆದುಳಿನ ನಡುವೆ ಸಂದೇಶಗಳನ್ನು ದಾಟಿಸುವ ಥಲಾಮಸ್ ಭಾಗವೂ ಕಾಯಿಲೆಯವರಲ್ಲಿ ಸರಾಸರಿಯಾಗಿ ಸ್ವಲ್ಪ ಚಿಕ್ಕದಾಗಿದ್ದವು. ಮೆದುಳಿನೊಳಗೆ ದ್ರವ ತುಂಬಿರುವ ಕುಹರಗಳು ಸ್ವಲ್ಪ ದೊಡ್ಡದಾಗಿದ್ದವು. ಮರುವರ್ಷ ಬೆಳಕು ಕಂಡ ಇನ್ನೊಂದು ಅಧ್ಯಯನದಲ್ಲಿ ಒಟ್ಟು 6,503 ಜನರಿದ್ದರು. ಅದರಲ್ಲಿ ಕಾಯಿಲೆ ಇದ್ದ 2,447 ವಯಸ್ಕರ ಕಾರ್ಟೆಕ್ಸ್ ಮುಂಭಾಗದಲ್ಲಿ, ಕಿವಿಯ ಬಳಿಯ ಪಕ್ಕದ ಭಾಗದಲ್ಲಿ ಮತ್ತು ಮೇಲುಭಾಗದಲ್ಲಿ, ಎಡಬಲ ಎರಡೂ ಕಡೆ, ಸರಾಸರಿಯಾಗಿ ತೆಳುವಾಗಿರುವುದು ಕಂಡುಬಂದಿತು. ಮುಂದಿನದನ್ನು ಯೋಚಿಸುವುದು, ಬಂದ ಆಸೆಯನ್ನು ತಡೆದು ನಿಲ್ಲಿಸುವುದು, ಲಾಭನಷ್ಟ ತೂಗಿ ನೋಡುವುದು ಮೊದಲಾದ ಕೆಲಸಗಳಲ್ಲಿ ಮುಂಭಾಗದ ಪಾತ್ರ ದೊಡ್ಡದು. ಮೆಕ್ಕೆಜೋಳದ ದುಡ್ಡು ಒಂದೇ ದಿನದಲ್ಲಿ ಕರಗಿದ್ದನ್ನು ಕಂಡವಳಾದ ನಾನು ಆ ಫಲಿತಾಂಶವನ್ನು ಮತ್ತೆ ಮತ್ತೆ ಓದಿದೆ.

ಅದೇ ಅಧ್ಯಯನದ ಇನ್ನೂ ಮೂರು ಸಂಗತಿಗಳು ನಮಗೆ ಮುಖ್ಯ. ಕಾಯಿಲೆ ಬಂದು ಹೆಚ್ಚು ವರ್ಷಗಳಾದವರಲ್ಲಿ ಕೆಲವು ಭಾಗಗಳ ಕಾರ್ಟೆಕ್ಸ್ ಇನ್ನೂ ತೆಳುವಾಗಿತ್ತು. ಹಿಂದೆ ಯಾವಾಗಲಾದರೂ ಭ್ರಮೆ ಕಾಣಿಸಿಕೊಂಡಿದ್ದವರಲ್ಲಿ, ಅಂದರೆ ಕಾಯಿಲೆಯ ತೀವ್ರ ರೂಪ ಕಂಡವರಲ್ಲಿ, ಕಾರ್ಟೆಕ್ಸ್‌ನ ವಿಸ್ತೀರ್ಣ ಕಡಿಮೆ ಇತ್ತು. ಆದರೆ ಸ್ಕ್ಯಾನ್ ಮಾಡಿದ ದಿನ ಆ ವ್ಯಕ್ತಿ ಉನ್ಮಾದದಲ್ಲಿದ್ದನೋ ಖಿನ್ನತೆಯಲ್ಲಿದ್ದನೋ ಆರಾಮಾಗಿದ್ದನೋ ಎಂಬುದಕ್ಕೂ ಈ ಅಳತೆಗಳಿಗೂ ಸಂಬಂಧ ಕಾಣಲಿಲ್ಲ. ಮನೆಯವರೂ ನೆಂಟರೂ "ಈಗ ಹುಷಾರಾಗಿದಾನಲ್ಲ, ಇನ್ನು ಮಾತ್ರೆ ಯಾಕೆ" ಎಂದು ಕೇಳುವ ಮುನ್ನ ಈ ಕೊನೆಯ ಸಂಗತಿಯನ್ನು ಅವರಿಗೆ ಯಾರಾದರೂ ತಿಳಿಸಿ ಹೇಳಬೇಕು. ಹೊರಗೆ ಕಾಣುವ ಮನಸ್ಥಿತಿ ವಾರ ವಾರಕ್ಕೆ ಬದಲಾಗುತ್ತದೆ. ಒಳಗಿನ ರಚನೆಯ ವ್ಯತ್ಯಾಸ ಅದರ ಜೊತೆ ಬಂದು ಹೋಗುವಂಥದ್ದಲ್ಲ.

ಇಷ್ಟು ಬರೆದ ಮೇಲೆ, ಇದರಿಂದ ಯಾರೂ ತಪ್ಪು ಅರ್ಥ ಮಾಡಿಕೊಳ್ಳಬಾರದು ಎಂಬುದನ್ನೂ ಬರೆಯಲೇಬೇಕು. ಮೇಲೆ ಹೇಳಿದ ವ್ಯತ್ಯಾಸಗಳೆಲ್ಲ ಸಾವಿರಾರು ಜನರನ್ನು ಗುಂಪಾಗಿ ಅಳೆದಾಗ ಮಾತ್ರ ಕಾಣುವ, ಮಿಲಿಮೀಟರಿನ ಚಿಕ್ಕ ಭಾಗದಷ್ಟು ಸಣ್ಣ ವ್ಯತ್ಯಾಸಗಳು. ಎರಡು ಶಾಲೆಗಳ ಮಕ್ಕಳ ಸರಾಸರಿ ಎತ್ತರದಲ್ಲಿ ಅರ್ಧ ಇಂಚು ವ್ಯತ್ಯಾಸವಿದ್ದರೆ, ಒಂದು ಮಗುವನ್ನು ನಿಲ್ಲಿಸಿ ಅಳೆದು ಅದು ಯಾವ ಶಾಲೆಯದೆಂದು ಹೇಳಲಾಗುವುದಿಲ್ಲ. ಹಾಗೆಯೇ ಒಬ್ಬರ ಸ್ಕ್ಯಾನ್ ನೋಡಿ ಅವರಿಗೆ ಬೈಪೋಲಾರ್ ಇದೆ ಅಥವಾ ಇಲ್ಲ ಎಂದು ಇವತ್ತಿಗೂ ಯಾವ ವೈದ್ಯರೂ ಹೇಳಲಾರರು. ಕಾಯಿಲೆ ಪತ್ತೆಯಾಗುವುದು ರೋಗಿಯೊಡನೆ ಮತ್ತು ಮನೆಯವರೊಡನೆ ಕೂತು ಕೇಳಿ ತಿಳಿಯುವ ವಿವರದಿಂದಲೇ. ತಲೆಗೆ ಪೆಟ್ಟು ಬಿದ್ದಿದ್ದರೆ, ಫಿಟ್ಸ್ ಬಂದಿದ್ದರೆ, ಇಳಿವಯಸ್ಸಿನಲ್ಲಿ ಮೊದಲ ಬಾರಿ ಇಂಥ ಲಕ್ಷಣ ಕಾಣಿಸಿದ್ದರೆ, ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಸ್ಕ್ಯಾನ್ ಬರೆಯುವುದು ಸರಿಯೇ. ಆದರೆ ಬರೀ ಬೈಪೋಲಾರ್ ಪತ್ತೆ ಮಾಡಲೆಂದು ಬಡವರು ಸಾಲ ಮಾಡಿ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ತಮ್ಮನಿಗೆ ಮೊದಮೊದಲು ಕಾಯಿಲೆ ಬಂದಾಗ ನಮ್ಮ ದೊಡ್ಡಪ್ಪನವರೇ ಹಣ ಹೊಂದಿಸಿ ಒಂದು ಖಾಸಗಿ ಕೇಂದ್ರದಲ್ಲಿ ಎಂಆರ್‌ಐ ಮಾಡಿಸಿದರು. ವರದಿಯ ಕೊನೆಯಲ್ಲಿ ನಾರ್ಮಲ್ ಎಂದು ಬರೆದಿತ್ತು. ಅವರು ಆ ಕಪ್ಪು ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದು ಬಂದವರಿಗೆಲ್ಲ ತೋರಿಸಿ, "ಮಿದುಳಾಗೆ ಏನೂ ಇಲ್ವಂತೆ, ಮೈಗಳ್ಳತನಕ್ಕೆ ನಾಟಕ ಮಾಡ್ತಾನೆ" ಎಂದರು. ಮಾತ್ರೆ ನಿಂತಿತು. ಎರಡು ತಿಂಗಳು ಕಳೆಯುವುದರೊಳಗೆ ಅವನನ್ನು ಹಗ್ಗದಲ್ಲಿ ಕಟ್ಟಿ ಗೂಡ್ಸ್ ಆಟೋದಲ್ಲಿ ಆಸ್ಪತ್ರೆಗೆ ತರಬೇಕಾಯಿತು. ಮಾಮೂಲಿ ಸ್ಕ್ಯಾನ್ ವರದಿಯಲ್ಲಿ ನಾರ್ಮಲ್ ಎಂದರೆ ಗೆಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು ಇಂಥವು ಇಲ್ಲವೆಂದು ಅರ್ಥವೇ ಹೊರತು ಕಾಯಿಲೆಯೇ ಇಲ್ಲವೆಂದು ಅಲ್ಲ. ಈ ಒಂದು ವಾಕ್ಯವನ್ನು ಸ್ಕ್ಯಾನ್ ಕೊಡುವಾಗಲೇ ಮನೆಯವರಿಗೆ ಹೇಳಿಬಿಟ್ಟರೆ ಎಷ್ಟು ಜನರ ಮಾತ್ರೆ ನಿಲ್ಲದೆ ಉಳಿಯುತ್ತದೋ ತಾವೇ ಊಹಿಸಬಹುದು.

ಮೆದುಳಿನ ವ್ಯತ್ಯಾಸ ಮೊದಲೇ ಇದ್ದು ಕಾಯಿಲೆ ಬರುತ್ತದೋ, ಕಾಯಿಲೆ ಬಂದು ವ್ಯತ್ಯಾಸವಾಗುತ್ತದೋ ಎಂಬ ಪ್ರಶ್ನೆಗೆ ಒಂದೇ ಬಾರಿ ತೆಗೆದ ಸ್ಕ್ಯಾನ್‌ಗಳಿಂದ ಉತ್ತರ ಸಿಗುವುದಿಲ್ಲ. ಅದಕ್ಕಾಗಿ ಅದೇ ಒಕ್ಕೂಟ 1,232 ಜನರನ್ನು ಕಾಲಾಂತರದಲ್ಲಿ ಮತ್ತೆ ಸ್ಕ್ಯಾನ್ ಮಾಡಿದ ಮಾಹಿತಿಯನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿತು. ಅದರಲ್ಲಿ ಕಾಯಿಲೆ ಇದ್ದವರು 307 ಮಂದಿ. ಕಾಯಿಲೆಯವರೆಲ್ಲರ ಕಾರ್ಟೆಕ್ಸ್ ಒಂದೇ ಸಮನೆ ಸವೆಯುತ್ತಾ ಹೋಗುತ್ತದೆಂಬ ಭಯಕ್ಕೆ ಅದು ಆಧಾರ ಕೊಡಲಿಲ್ಲ. ಆದರೆ ಎರಡು ಸ್ಕ್ಯಾನ್‌ಗಳ ನಡುವೆ ಯಾರಿಗೆ ಉನ್ಮಾದ ಹೆಚ್ಚು ಬಾರಿ ಮರುಕಳಿಸಿತೋ ಅವರಲ್ಲಿ ಕಾರ್ಟೆಕ್ಸ್, ಮುಖ್ಯವಾಗಿ ಮುಂಭಾಗದ್ದು, ಬೇಗ ತೆಳುವಾಗಿತ್ತು. ಭಾರತದಲ್ಲಿ ನಡೆದಿರುವ ಅಧ್ಯಯನಗಳ ಪ್ರಕಾರ ನಮ್ಮಲ್ಲಿ ಈ ಕಾಯಿಲೆ ಖಿನ್ನತೆಗಿಂತ ಉನ್ಮಾದದ ರೂಪದಲ್ಲೇ ಹೆಚ್ಚಾಗಿ ಮರುಕಳಿಸುತ್ತದೆ. ಎರಡನ್ನೂ ಸೇರಿಸಿ ಓದಿದರೆ ನಮಗೆ ಕೆಲಸ ಎಲ್ಲಿದೆ ಎಂಬುದು ಕಾಣುತ್ತದೆ: ಇನ್ನೊಂದು ಉನ್ಮಾದ ಬಾರದಂತೆ ತಡೆಯುವುದು ಆ ವರ್ಷದ ಬೆಳೆಯನ್ನೂ ಮರ್ಯಾದೆಯನ್ನೂ ಉಳಿಸುವುದಷ್ಟೇ ಅಲ್ಲ, ಪ್ರಾಯಶಃ ಮೆದುಳನ್ನೂ ಕಾಪಾಡುತ್ತದೆ. ಅದನ್ನು ತಡೆಯುವ ಮುಖ್ಯ ಸಾಧನ ತಪ್ಪದೆ ಸಿಗುವ ಮಾತ್ರೆ.

ಆ ಮಾತ್ರೆಗಳಲ್ಲಿ ಹಳೆಯದು ಲಿಥಿಯಂ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಇದರ ಉಪಯೋಗವನ್ನು ಮೊದಲು ಪ್ರಕಟಿಸಿದರು. ಮುಕ್ಕಾಲು ಶತಮಾನ ಕಳೆದರೂ ಮರುಕಳಿಕೆ ತಡೆಯುವ ಔಷಧಿಗಳ ಸಾಲಿನಲ್ಲಿ ಅದಕ್ಕೆ ಮುಂದಿನ ಸ್ಥಾನವೇ ಇದೆ. ಎನಿಗ್ಮಾ ಅಧ್ಯಯನದಲ್ಲಿ ಲಿಥಿಯಂ ತೆಗೆದುಕೊಳ್ಳುತ್ತಿದ್ದವರ ಕಾರ್ಟೆಕ್ಸ್ ತೆಗೆದುಕೊಳ್ಳದವರಿಗಿಂತ ಸರಾಸರಿಯಾಗಿ ದಪ್ಪವಾಗಿತ್ತು. ಇದರಿಂದ ಲಿಥಿಯಂ ಮೆದುಳನ್ನು ಬೆಳೆಸುತ್ತದೆಂದು ಸಾಧಿಸಿದಂತಾಗುವುದಿಲ್ಲ, ನಾನು ಹಾಗೆ ಹೇಳುತ್ತಲೂ ಇಲ್ಲ. ಅಗ್ಗದ, ಪೇಟೆಂಟ್ ಇಲ್ಲದ, ಭಾರತದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಒಂದು ಮಾತ್ರೆಯ ಪರವಾಗಿ ಇಷ್ಟು ಆಧಾರವಿರುವಾಗ ಅದು ಸರ್ಕಾರಿ ಔಷಧ ಕೌಂಟರಿನಲ್ಲಿ ಇಲ್ಲವೆನ್ನಿಸಿಕೊಳ್ಳಬಾರದು ಎಂದಷ್ಟೇ ಹೇಳುತ್ತಿದ್ದೇನೆ. ನಾವು ಹೋಗುವ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪದೇ ಪದೇ ಖಾಲಿಯಾಗುತ್ತದೆ. "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂದು ಚೀಟಿ ವಾಪಸು ಕೊಡುವವರಿಗೆ, ಲಿಥಿಯಂ ಇದ್ದಕ್ಕಿದ್ದಂತೆ ನಿಂತರೆ ಉನ್ಮಾದ ಮರುಕಳಿಸುವ ಅಪಾಯ ಏರುತ್ತದೆಂಬುದನ್ನು ಯಾರೂ ಕಲಿಸಿದಂತಿಲ್ಲ.

ಲಿಥಿಯಂ ಕೊಡುವುದಕ್ಕೆ ಅನೇಕ ವೈದ್ಯರು ಹಿಂಜರಿಯುವುದೂ ನಿಜ, ಅದಕ್ಕೆ ಕಾರಣವೂ ನ್ಯಾಯವಾದದ್ದೇ. ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು, 1.5 ದಾಟಿದರೆ ವಿಷವಾಗತೊಡಗುತ್ತದೆ. ಕೊನೆಯ ಮಾತ್ರೆ ನುಂಗಿದ 12 ಗಂಟೆಗಳ ನಂತರ ರಕ್ತ ತೆಗೆದು ಅಳೆಯಬೇಕು. ಮೂರರಿಂದ ಆರು ತಿಂಗಳಿಗೊಮ್ಮೆ ಇದನ್ನೂ, ಜೊತೆಗೆ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ಮಾಡಿಸುತ್ತಿರಬೇಕು. ನಮ್ಮ ಸೀಮೆಯಲ್ಲಿ ಈ ಪರೀಕ್ಷೆಯ ಅಗತ್ಯ ಇನ್ನೂ ಹೆಚ್ಚು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಜಗಳೂರಿನ ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ ಬೆವರು ಸುರಿಸಿ ಸಾಕಷ್ಟು ನೀರು ಕುಡಿಯದೆ ಹೋದರೆ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಗೆ ಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ವಾಂತಿಭೇದಿಯಾದರೂ ಹಾಗೆಯೇ. ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಸಹ ಲಿಥಿಯಂ ಪ್ರಮಾಣವನ್ನು ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ನಾಲಗೆ ತೊದಲುವುದು, ನಡೆಯುವಾಗ ತೂರಾಡುವುದು, ವಾಂತಿಭೇದಿ, ಗೊಂದಲ ಇವು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಕರೆತರಬೇಕು. ತೂರಾಡುವವನನ್ನು ಕುಡಿದಿದ್ದಾನೆಂದು ಜಗಲಿಯ ಮೇಲೆ ಮಲಗಿಸಿಬಿಡುವುದು ನಮ್ಮ ಹಳ್ಳಿಗಳಲ್ಲಿ ಆಗದ ಮಾತೇನಲ್ಲ.

ನಾವು ತೋರಿಸುವ ಊರಿನಲ್ಲಿ ಈ ಪರೀಕ್ಷೆಗೆ ಖಾಸಗಿ ಲ್ಯಾಬಿನವರು ರಕ್ತ ತೆಗೆದು ಬೆಂಗಳೂರಿಗೆ ಕಳಿಸುತ್ತಾರೆ. ವರದಿ ಬರುವ ಹೊತ್ತಿಗೆ ಮಾತ್ರೆಯ ಪ್ರಮಾಣ ಬದಲಿಸಬೇಕಾದ ಸಮಯ ಕಳೆದುಹೋಗಿರುತ್ತದೆ. ಇದು ದೊಡ್ಡ ಯಂತ್ರ ಬೇಡುವ ಪರೀಕ್ಷೆಯಲ್ಲ. ರಕ್ತದ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಎಲೆಕ್ಟ್ರೊಲೈಟ್ ಅನಲೈಸರ್‌ಗಳ ಕೆಲವು ಮಾದರಿಗಳಲ್ಲಿ ಲಿಥಿಯಂ ಎಲೆಕ್ಟ್ರೋಡ್ ಜೋಡಿಸಬಹುದು. ಲ್ಯಾಬಿನವರಿಗೆ ಒಂದು ಎಚ್ಚರಿಕೆ ಬೇಕು: ರಕ್ತ ಹೆಪ್ಪುಗಟ್ಟದಿರಲೆಂದು ಲಿಥಿಯಂ ಹೆಪಾರಿನ್ ಸವರಿದ ಟ್ಯೂಬಿನಲ್ಲಿ ರಕ್ತ ತೆಗೆದರೆ ಟ್ಯೂಬಿನ ಲಿಥಿಯಮ್ಮೇ ವರದಿಯಲ್ಲಿ ಸೇರಿ ಸುಳ್ಳು ಲೆಕ್ಕ ಬರುತ್ತದೆ.

ಪರೀಕ್ಷೆಯ ಸೌಲಭ್ಯವಿಲ್ಲದ ಕಡೆ ಲಿಥಿಯಂ ಬದಲು ವಾಲ್‌ಪ್ರೊಯೇಟ್ ಬರೆಯುವುದು ವೈದ್ಯರಿಗೆ ಸುಲಭವಾಗಿ ಕಾಣುತ್ತದೆ. ಎಷ್ಟೋ ಜನರಿಗೆ ಅದು ಒಳ್ಳೆಯ ಔಷಧಿಯೇ. ಆದರೆ ಗರ್ಭಿಣಿ ತೆಗೆದುಕೊಂಡರೆ ಹುಟ್ಟುವ ಮಗುವಿನ ಬೆನ್ನುಹುರಿಗೂ ಬುದ್ಧಿಬೆಳವಣಿಗೆಗೂ ಅದರಿಂದ ತೊಂದರೆಯಾಗುವುದು ಸಾಬೀತಾಗಿದೆ. ಹಾಗಾಗಿ ಲ್ಯಾಬಿನ ಈ ಕೊರತೆಯ ಭಾರ ಹೆಚ್ಚಾಗಿ ಬೀಳುವುದು ಹರೆಯದ ಹೆಣ್ಣುಮಕ್ಕಳ ಮೇಲೆ ಎಂಬುದನ್ನು ತಾವು ಗಮನಿಸಬೇಕೆಂದು ಕೋರುತ್ತೇನೆ.

ನಾವು ಕೇಳುತ್ತಿರುವುದು ದಯೆಯನ್ನಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಪ್ರಕರಣದಂತೆ, ಸಮುದಾಯ ಆರೋಗ್ಯ ಕೇಂದ್ರದಿಂದ ಮೊದಲ್ಗೊಂಡು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಮಾನಸಿಕ ಕಾಯಿಲೆಯವರಿಗೆ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. 21ನೇ ಪ್ರಕರಣದಂತೆ ದೈಹಿಕ ಕಾಯಿಲೆಯವರಿಗೆ ಆಂಬುಲೆನ್ಸ್ ಹೇಗೆ ಸಿಗುತ್ತದೋ ಇವರಿಗೂ ಹಾಗೆಯೇ ಸಿಗಬೇಕು. ಗೂಡ್ಸ್ ಆಟೋದಲ್ಲಿ ತಂದೆವು ಎಂದು ಮೇಲೆ ಬರೆದದ್ದನ್ನು ಇದರ ಪಕ್ಕದಲ್ಲಿಟ್ಟು ಓದಬೇಕೆಂದು ವಿನಂತಿ. ಮಾನಸಿಕ ಆರೋಗ್ಯವನ್ನು ಜಿಲ್ಲಾ ಮಟ್ಟದಲ್ಲೇ ನೋಡಿಕೊಳ್ಳಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು ಮೊಳಕಾಲ್ಮುರಿನ ಗಡಿ ದಾಟಿದರೆ ಸಿಗುವ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮಾನಸಿಕ ಚಿಕಿತ್ಸೆಯ ಮನೋಚೈತನ್ಯ ಕ್ಲಿನಿಕ್‌ಗಳು ಅದೇ ದಾರಿಯಲ್ಲಿವೆ. ದಾರಿ ಹಾಕಿಕೊಟ್ಟವರ ನೆರೆಯಲ್ಲಿದ್ದೂ ನಾವು ಮಾತ್ರೆಗಾಗಿ ಬೆಂಗಳೂರಿನ ಬಸ್ಸು ಹತ್ತಬೇಕಾಗಿರುವುದು ನೋವಿನ ಸಂಗತಿ.

ಈ ಪತ್ರ ಓದುವ ಜನತೆಗೂ ಒಂದು ಮಾತು. ಉನ್ಮಾದದಲ್ಲಿರುವವರನ್ನು ಗಾಳಿ ಸೋಕಿದೆ ಎಂದು ತಿಂಗಳುಗಟ್ಟಲೆ ಅಲೆಸಬೇಡಿ. ದೇವರಿಗೆ ಹರಕೆ ಹೊರುವುದನ್ನು ಯಾರೂ ತಡೆಯುವುದಿಲ್ಲ. ಹರಕೆಯ ಜೊತೆಗೆ ಮಾತ್ರೆಯೂ ನಡೆಯಲಿ. ಯಾರಿಗೆ ತೋರಿಸಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ನಿಲ್ಲಿಸಿ ಎನ್ನುವ ನೆಂಟರ ಮಾತನ್ನೂ ಕೇಳಬೇಡಿ. ಮೆದುಳಿನ ಕಾಯಿಲೆ ಎಂದಾಕ್ಷಣ ಆ ಮನುಷ್ಯ ಇನ್ನು ಯಾವುದಕ್ಕೂ ಬಾರದವನೆಂದೂ ತಿಳಿಯಬೇಡಿ. ನನ್ನ ತಮ್ಮ ಮಾತ್ರೆ ತಪ್ಪದ ವರ್ಷಗಳಲ್ಲಿ ಹೊಲದ ಲೆಕ್ಕವನ್ನೂ ಸಹಕಾರ ಸಂಘದ ಸಾಲದ ಕಂತನ್ನೂ ತಾನೇ ನೋಡಿಕೊಂಡಿದ್ದಾನೆ.

ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ಎರಡೂ ಜಿಲ್ಲೆಗಳ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕನಿಷ್ಠ ಮೂರು ತಿಂಗಳಿಗಾಗುವಷ್ಟು ಲಿಥಿಯಂ ದಾಸ್ತಾನು ಸದಾ ಇರುವಂತೆ ಆದೇಶಿಸಿ, ಖಾಲಿಯಾಗುವ ಮುನ್ನವೇ ಜಿಲ್ಲಾ ಉಗ್ರಾಣಕ್ಕೆ ತಿಳಿಸುವ ಹೊಣೆಯನ್ನು ಒಬ್ಬ ಫಾರ್ಮಸಿ ಅಧಿಕಾರಿಗೆ ಹೆಸರು ಹಿಡಿದು ವಹಿಸಬೇಕು. ಲಿಥಿಯಂ ರಕ್ತಪರೀಕ್ಷೆ ಜಿಲ್ಲಾ ಕೇಂದ್ರದ ಸರ್ಕಾರಿ ಲ್ಯಾಬಿನಲ್ಲಿ ಉಚಿತವಾಗಿ ಆಗಬೇಕು. ತಾಲ್ಲೂಕುಗಳಿಂದ ರಕ್ತದ ಮಾದರಿ ಅಲ್ಲಿಗೆ ಹೋಗಿ ಮರುದಿನದೊಳಗೆ ವರದಿ ಫೋನಿಗೆ ಬರಬೇಕು. ಬಿಸಿಲು ಏರುವ ಮುನ್ನ, ಫೆಬ್ರುವರಿಯಲ್ಲೇ, ಲಿಥಿಯಂ ತೆಗೆದುಕೊಳ್ಳುವ ಎಲ್ಲರಿಗೂ ಒಮ್ಮೆ ಈ ಪರೀಕ್ಷೆ ಮಾಡಿಸಿ, ನೀರು, ನೋವಿನ ಮಾತ್ರೆ ಮತ್ತು ಅಪಾಯದ ಲಕ್ಷಣಗಳ ವಿಚಾರವನ್ನು ಕನ್ನಡದ ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಆಶಾ ಕಾರ್ಯಕರ್ತೆಯರ ಮೂಲಕ ಮನೆಗೆ ತಲುಪಿಸಬೇಕು. ನನ್ನ ತಮ್ಮನು ಸೇರಿಸಲು ಹೇಳಿದ ಕೋರಿಕೆ ಇನ್ನೊಂದಿದೆ: ಔಷಧ ಕೌಂಟರಿನಲ್ಲಿ ಕಾಯಿಲೆಯ ಹೆಸರು ಹೇಳಿ ಕೂಗಿ ಕರೆಯುವುದನ್ನು ನಿಲ್ಲಿಸಿ, ಬೇರೆ ಎಲ್ಲರಿಗೂ ಕೊಡುವ ಟೋಕನ್ ನಂಬರನ್ನೇ ಇವರಿಗೂ ಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಜೀವವಿಜ್ಞಾನ ಶಿಕ್ಷಕಿ,
ದಾವಣಗೆರೆ